ಎಣ್ಣೆಯ ಮೇಲೆ ಬಂದ ಅಪವಾದ

ನನ್ನ ಹೆಂಡತಿ ಆದಿಲಕ್ಷ್ಮಿ ತನ್ನ ಸೀರೆಗಳನ್ನು ಹಂಚಲು ಶುರು ಮಾಡಿದಳು. ಹಸಿರು ರೇಷ್ಮೆ ಮಗಳು ರಂಜಿತಾಗೆ, ಮಾವಿನಕಾಯಿ ಅಂಚಿನದು ತಂಗಿ ಸುನಂದಾಗೆ. "ಇನ್ನೆಷ್ಟು ದಿನಾನೋ ಕಣ್ರೀ," ಎಂದು ಹೊಟ್ಟೆ ಹಿಡಿದುಕೊಂಡು ಕೂತಳು. ಮೂರು ತಿಂಗಳಲ್ಲಿ ಆರು ಕೆ.ಜಿ. ಇಳಿದಿದ್ದಳು.

ಗೋಧಿಯಲ್ಲಿ ಗ್ಲೂಟೆನ್ ಎಂಬುದೊಂದಿದೆಯಂತೆ, ಅದು ಅವಳ ಕರುಳಿಗೆ ಆಗದು, ಗೋಧಿ, ಮೈದಾ, ರವೆ ಮುಟ್ಟಕೂಡದು ಎಂದು ಕೋಲಾರದ ಡಾಕ್ಟರು ಹೇಳಿದ್ದರು. ನಾವು ಟೇಕಲ್‌ನವರು, ಮುದ್ದೆ ತಿಂದು ಬೆಳೆದವರು. ಅವಳು ಅವತ್ತೇ ಗೋಧಿ ಬಿಟ್ಟಳು. ನಾನು ಮಾತ್ರ ಭಾನುವಾರದ ಪೂರಿ ಬಿಡಲಿಲ್ಲ. (ಇಬ್ಬರೂ ಸೊರಗಿದರೆ ಮನೆ ನೋಡಿಕೊಳ್ಳುವವರು ಯಾರು?) ಆದರೂ ನನ್ನ ಪತಿಧರ್ಮ ನೋಡಿ: ಹಿಟ್ಟು ಅವಳಿಗೆ ಸೋಕದಿರಲೆಂದು ಹಿತ್ತಲಲ್ಲಿ ಬೇರೆ ಒಲೆ, ಬೇರೆ ಬಾಣಲೆ, ಬೇರೆ ತಟ್ಟೆ. ನಾನೇ ಕಲಸಿ, ಲಟ್ಟಿಸಿ, ಕರಿದು, ಒಬ್ಬನೇ ಕೂತು ತಿನ್ನುತ್ತಿದ್ದೆ.

ಇಷ್ಟಾದರೂ ಸೋಮವಾರ ಬಂತೆಂದರೆ ಅವಳ ಹೊಟ್ಟೆ ಉಬ್ಬರಿಸುತ್ತಿತ್ತು. ನನ್ನ ಅನುಮಾನ ಎಣ್ಣೆಯ ಮೇಲೆ ಹೋಯಿತು. ಸೂರ್ಯಕಾಂತಿ ಎಣ್ಣೆಯನ್ನು ಅಟ್ಟಕ್ಕೆ ಗಡೀಪಾರು ಮಾಡಿ ಮಾಲೂರಿನ ಗಾಣದಿಂದ ಕಡಲೆಕಾಯಿ ಎಣ್ಣೆ ತಂದೆ. ನೋವು ನಿಲ್ಲಲಿಲ್ಲ. ಶ್ರೀನಿವಾಸಪುರಕ್ಕೆ ಹೋಗಿ ಹುಚ್ಚೆಳ್ಳೆಣ್ಣೆ ತಂದೆ. ನೋವು ಇನ್ನೂ ಜಾಸ್ತಿಯಾಯಿತು.

"ಎಣ್ಣೆ ಏನ್ ಮಾಡ್ತದೆ ಬಿಡ್ರೀ, ನನ್ ಹಣೆಬರಹ," ಎಂದಳು.

"ಸುಮ್ನಿರೇ. ಏನೋ ಬೆರಸ್ತಾರೆ ಕಣೇ ಪಾಪಿಗಳು," ಎಂದು ನಾನು ಹಲ್ಲು ಕಡಿದೆ.

ಮೂರನೆಯ ಸೀರೆ ಪಕ್ಕದ ಮನೆ ಕದಿರಮ್ಮನ ಪಾಲಾಯಿತು. ಆದಿಲಕ್ಷ್ಮಿಯಿಲ್ಲದ ಮನೆಯನ್ನು ನೆನೆದು ನನಗೆ ಅಳುವೇ ಬಂತು. ಮಾರನೆಯ ದಿನವೇ ಅವಳನ್ನೂ ಕರೆದುಕೊಂಡು ಹೋಗಿ, ಮೂರೂ ಎಣ್ಣೆಯ ಬಾಟಲಿಗಳನ್ನು ಡಾಕ್ಟರ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆ.

"ಇದರಲ್ಲಿ ಅಪರಾಧಿ ಯಾರು ಸಾರ್?"

"ಯಾರೂ ಅಲ್ಲ. ಈ ಎಣ್ಣೆಗಳಲ್ಲಿ ಗ್ಲೂಟೆನ್ ಇರಲ್ಲ," ಎಂದು ಡಾಕ್ಟರು ಅವಳ ಕಡೆ ತಿರುಗಿದರು. "ಗೋಧಿದೇನಾದ್ರೂ ಕರಿದ ಎಣ್ಣೇಲಿ ಅಡಿಗೆ ಮಾಡ್ತೀರೇನಮ್ಮ?"

"ನಾನ್ಯಾಕೆ ಕರೀಲಿ ಸಾರ್? ಪೂರಿ ಎಲ್ಲಾ ಇವರೇ ಹಿತ್ತಲಲ್ಲಿ ಕರಿದ್ಕೊಂತಾರೆ," ಎಂದಳು ಆದಿಲಕ್ಷ್ಮಿ, ಹೆಮ್ಮೆಯಿಂದ. "ಒಂದ್ ತೊಟ್ಟು ದಂಡ ಮಾಡಲ್ಲ. ಎಣ್ಣೆ ಆರಿಸಿ, ಸೋಸಿ, ವಾಪಸ್ ಡಬ್ಬಕ್ಕೇ ಸುರೀತಾರೆ. ಸೋಮವಾರ ನಾನು ಅದರಲ್ಲೇ ಸಾರಿಗೆ ಒಗ್ಗರಣೆ..."

ಡಾಕ್ಟರು ನನ್ನನ್ನು ನೋಡಿದರು. ನಾನು ಹುಚ್ಚೆಳ್ಳೆಣ್ಣೆಯನ್ನು ನೋಡಿದೆ.

ಮೂರು ತಿಂಗಳು ನನ್ನ ಕೈಯಾರೆ ಅವಳಿಗೆ ಸಂಕಟ ಸೋಸಿ ಕೊಟ್ಟಿದ್ದೆ. "ಬೈದುಬಿಡೇ," ಎಂದು ಬಸ್ಸಿನಲ್ಲಿ ಬೇಡಿಕೊಂಡೆ. ಕಿಟಕಿ ಕಡೆ ಮುಖ ತಿರುಗಿಸಿದಳು.

ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಫೋನು ಹಿಡಿದು, ಮೂವರಿಗೂ ಸೀರೆ ವಾಪಸ್ ತರಲು ಹೇಳಿದಳು. ಆಮೇಲೆ ಬೀರು ತೆಗೆದು ನನ್ನ ಕಡೆ ತಿರುಗಿದಳು.

"ರೀ, ನಿಮ್ ರೇಷ್ಮೆ ಪಂಚೆ ಯಾರಿಗೆ ಕೊಡಬೇಕು, ಈಗ್ಲೇ ಹೇಳ್ಬಿಡಿ."