ಹೊಟ್ಟೆ ಉರಿಗೆ ಒಂದು ಕೇರ್ ಪ್ಲಾನ್

ಅವತ್ತಿನ ಫಜೀತಿಗೆಲ್ಲ ಮೂಲ ಎರಡೇ ಎರಡು ಮಾತು: "ಹೊಟ್ಟೆ ಉರೀತದೆ."

ಹೇಳಿದವಳು ಕುಣಿಗಲ್ ಕಡೆಯ ನಿಂಗಮ್ಮ. ಕಾಲು ಮುರಿದು ತೊಡೆಯವರೆಗೂ ಪ್ಲಾಸ್ಟರ್ ಹಾಕಿಸಿಕೊಂಡು, ಸುಣ್ಣ ಬಳಿದ ಕಂಬ ಉರುಳಿಸಿದಂತೆ ತುಮಕೂರಿನ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಮಲಗಿದ್ದಳು. ಕೇಳಿಸಿಕೊಂಡವಳು ನರ್ಸಿಂಗ್ ಎರಡನೇ ವರ್ಷದ ಹೊಂಬಾಳಮ್ಮ, ಗುಬ್ಬಿಯ ಹುಡುಗಿ. ಎಂಬತ್ತರ ದಶಕದ ನಡುವಿನ ಮಾತು. ಗಂಜಿ ಹಾಕಿದ ಟೋಪಿ ತಲೆಯ ಮೇಲೆ ನಿಲ್ಲಲು ನಾಲ್ಕು ಪಿನ್ನು ಸಾಕಾಗುತ್ತಿತ್ತು. ಹೊಂಬಾಳಮ್ಮನ ಮನಸ್ಸು ವಾರ್ಡಿನಲ್ಲಿ ನಿಲ್ಲಲು ಎಷ್ಟು ಪಿನ್ನು ಬೇಕೋ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, ಕತೆಗೆ ಹ್ಞೂಂಗುಡುತ್ತಾ ಹಾಗೇ ನಿದ್ದೆ ಹೋಗಿ ಬೆಳೆದವಳು. ಥರ್ಮಾಮೀಟರ್ ಕೊಡವುವಾಗಲೂ ಅವಳ ತಲೆಯೊಳಗೆ ಯಾವುದೋ ರಾಜಕುಮಾರಿ ಬಾವಿಗೆ ಇಣುಕುತ್ತಿರುತ್ತಿದ್ದಳು.

ಆ ವರ್ಷ ಹೊಸದಾಗಿ ಬಂದ ಪಾಠ ನರ್ಸಿಂಗ್ ಡಯಾಗ್ನೋಸಿಸ್. ಟ್ಯೂಟರ್ ಮರಿಯಮ್ಮ ಸಿಸ್ಟರ್ ಸೀಮೆಸುಣ್ಣ ಕುಟ್ಟಿ ಹೇಳಿದ್ದರು: "ಡಾಕ್ಟ್ರು ಬರೆಯೋದು ರೋಗ, ನೀವು ಬರೆಯೋದು ರೋಗಿಯ ಕಷ್ಟ. ಕಷ್ಟ ಏನು, ಯಾತಕ್ಕೆ ಬಂತು, ನೀವೇನ್ ಮಾಡ್ತೀರಿ, ಮಾಡಿದ್ಮೇಲೆ ಹೋಯ್ತೋ ಇಲ್ವೋ. ಕೇರ್ ಪ್ಲಾನ್ ಅಂದ್ರೆ ಇಷ್ಟೇ."

ಇಷ್ಟೇ ಆದರೂ ಹೊಂಬಾಳಮ್ಮನ ಕೇರ್ ಪ್ಲಾನು ಕೆಂಪು ಗೀಟು ಹಾಕಿಸಿಕೊಂಡು ತವರಿಗೆ ಬಂದ ಮಗಳಂತೆ ಮತ್ತೆ ಮತ್ತೆ ವಾಪಸ್ಸು. "ಕಾಲು ಮುರಿದಿದೆ" ಎಂದು ಬರೆದರೆ, "ಅದು ಡಾಕ್ಟ್ರಿಗೇ ಗೊತ್ತು." "ನೋಡಿದರೆ ಪಾಪ ಅನ್ನಿಸುತ್ತದೆ" ಎಂದು ಬರೆದರೆ, "ಇದು ನಿನ್ನ ಕಷ್ಟ."

ಅವತ್ತು ಶನಿವಾರ. ಸಂಜೆಯೊಳಗೆ ಒಂದು ಸರಿಯಾದ ಪ್ಲಾನ್ ಕೊಟ್ಟರೆ ಊರಿಗೆ ಹೋಗಲು ಪಾಸು. ಇಲ್ಲದಿದ್ದರೆ ಹಾಸ್ಟೆಲ್ಲಿನ ನೀರು ಸಾರು. ಗುಬ್ಬಿಯಲ್ಲಿ ಅವತ್ತೇ ನಾಟಕ. ಅಜ್ಜಿ ರಂಗಲಕ್ಷ್ಮಮ್ಮ ಮೊಮ್ಮಗಳಿಗೂ ಸೇರಿಸಿ ಚಾಪೆ ಹಾಸಿ, ಹುರಿಗಡಲೆ ಸೆರಗಿಗೆ ಕಟ್ಟಿಕೊಂಡು ಕಾಯುತ್ತಿರುತ್ತಾಳೆ.

ಅದಕ್ಕೇ ನಿಂಗಮ್ಮ ಹೊಟ್ಟೆ ಉರಿ ಎಂದದ್ದೇ ತಡ, ಹೊಂಬಾಳಮ್ಮ ಹಾಲು ಕುಡಿದಷ್ಟು ಹಿಗ್ಗಿ ಬರೆದಳು: ಕಷ್ಟ, ಹೊಟ್ಟೆ ಉರಿ. ಕಾರಣ, ಖಾಲಿ ಹೊಟ್ಟೆಗೆ ನೋವಿನ ಮಾತ್ರೆ. ಉಪಾಯ, ಖಾರ ಬಂದ್, ತಣ್ಣನೆ ಹಾಲು.

ಹಾಲು ಹೋಯಿತು, ಉರಿ ಹೋಗಲಿಲ್ಲ. ವಾರ್ಡೆಲ್ಲ ವೈದ್ಯಕ್ಕೆ ನಿಂತಿತು.

"ಜೀರಿಗೆ ನೀರು ಕೊಡವ್ವ," ಎಂದಳು ಬಾಗಿಲ ಪಕ್ಕದ ಮಂಚದ ಚಿಕ್ಕಮಾರಮ್ಮ.

"ಮಜ್ಜಿಗೆ ಕುಡಿಸಿ, ಮಜ್ಜಿಗೆ," ಎಂದಳು ಆಯಾ ಸಿದ್ದಲಕ್ಷ್ಮಮ್ಮ. "ಅದ್ಕೂ ಬಗ್ಗದಿದ್ರೆ ದೃಷ್ಟಿ ತೆಗೀರಿ."

ಹೊಂಬಾಳಮ್ಮ ಯಾರಿಗೂ ಬೇಸರ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಿಂಗಮ್ಮನ ಹೊಟ್ಟೆ ಕುಣಿಗಲ್ ಕೆರೆಯಂತೆ ತುಂಬಿ, ಕೋಡಿ ಬೀಳತೊಡಗಿತು. ಹೊಂಬಾಳಮ್ಮ ಬೆಡ್‌ಪ್ಯಾನ್ ಹೊತ್ತು ಓಡಿದ್ದೇ ಓಡಿದ್ದು.

ನೋಡುವವರನ್ನು ಒಳಗೆ ಬಿಡುವ ಹೊತ್ತಾಯಿತು. ಪಕ್ಕದ ಮಂಚದ ನರಸಮ್ಮನ ಸೊಸೆ ಟಿಫನ್ ಕ್ಯಾರಿಯರ್ ಹಿಡಿದು ಬಂದಳು. ಅತ್ತೆಗೆ ಬಿಸಿ ಮುದ್ದೆ, ಬಸ್ಸಾರು ಉಣ್ಣಿಸಿ, ತಲೆ ಬಾಚಿ, ಕನಕಾಂಬರ ಮುಡಿಸಿದಳು. ನಿಂಗಮ್ಮ ಗೋಡೆಯ ಕಡೆ ಮುಖ ತಿರುಗಿಸಿ ನರಳಿದಳು. "ಅಯ್ಯೋ, ಉರೀತದಲ್ಲೇ!"

"ಎಲ್ಲಿ ಅಮ್ಮಾ? ಮೇಲ್ಗಡೆನೋ, ಕೆಳಗಡೆನೋ?"

"ಪಕ್ಕದಾಗೆ!"

ಹೊಂಬಾಳಮ್ಮ ಪಕ್ಕೆ ಮುಟ್ಟಿ ನೋಡಿದಳು.

"ನನ್ ಪಕ್ಕೆ ಅಲ್ಲ ಕಣೆ, ಪಕ್ಕದ್ ಮಂಚ! ನೋಡಲ್ಲಿ, ಹೆಂಗ್ ತಲೆ ಬಾಚ್ತಾವ್ಳೆ. ನನ್ ಸೊಸೆ ಅಡ್ಮಿಟ್ ಮಾಡಿ ಹೋದೋಳು ತಿರುಗಿ ಈ ಕಡೆ ತಲೆ ಹಾಕಿಲ್ಲ."

ಹೊಂಬಾಳಮ್ಮ ಹಾಳೆ ಹರಿದು ಹೊಸದಾಗಿ ಬರೆದಳು: ಕಷ್ಟ, ಹೊಟ್ಟೆ ಉರಿ. ಕಾರಣ, ತನ್ನವರು ಯಾರೂ ಬಾರದಿರುವುದು. ಉಪಾಯ, ತಲೆ ಬಾಚುವುದು, ಹತ್ತಿರ ಕೂರುವುದು, ಕತೆ ಹೇಳುವುದು.

ಬಾಚಣಿಗೆ ಹಿಡಿದು ಕೂತು ಅಜ್ಜಿಯ ಕತೆ ಎತ್ತಿಕೊಂಡಳು. ಒಬ್ಬ ಅತ್ತೆ ಸೊಸೆಯ ಕೈಗೆ ಜರಡಿ ಕೊಟ್ಟು ಕೆರೆ ನೀರು ತಾ ಅನ್ನುತ್ತಾಳೆ. ಜರಡಿಯಲ್ಲಿ ನೀರು ನಿಂತೀತೆ? ಸೊಸೆ ಅಳುತ್ತಾ ಕೂತಾಗ ದಪ್ಪ ಕಪ್ಪೆಯೊಂದು ಮೇಲೆದ್ದು, "ಅಳಬ್ಯಾಡ ಕಣೆ, ನಾನ್ಯಾರು ಗೊತ್ತಾ?" ಅನ್ನುತ್ತದೆ. ವಾರ್ಡಿನಲ್ಲಿ ಕೆಮ್ಮುವವರೂ ಕೆಮ್ಮು ನುಂಗಿಕೊಂಡು ಕೂತರು.

ಅಷ್ಟರಲ್ಲಿ ಮರಿಯಮ್ಮ ಸಿಸ್ಟರ್ ಬಂದರು. "ಏನಮ್ಮಾ, ಹೊಟ್ಟೆ ಉರಿ ಹೋಯ್ತಾ?"

"ಅದ್ಯಾವಾಗ್ಲೋ ಹೋಯ್ತು ಕಣ್ ತಾಯಿ. ಈ ಮಗಿನ ಕೈಗುಣ ದೊಡ್ಡದು."

ಸಿಸ್ಟರ್ ಹಾಳೆ ಓದಿದರು. ಎಂದೂ ನಗದವರು ನಕ್ಕರು. ಪಾಸಿಗೆ ಸಹಿ ಹಾಕಲು ಪೆನ್ನು ಬಿಚ್ಚಿದರು. ಹೊಂಬಾಳಮ್ಮ ಮನಸ್ಸಿನಲ್ಲಿ ಆಗಲೇ ಗುಬ್ಬಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದಳು.

"ಆದ್ರೆ," ಎಂದಳು ನಿಂಗಮ್ಮ ಸಣ್ಣ ದನಿಯಲ್ಲಿ, "ಈಗ ಎದೆ ಡವಡವ ಅಂತದೆ. ಆ ಕಪ್ಪೆ ಯಾರು ಅಂತ ಹೇಳ್ದೆ ಊರಿಗೆ ಹೊಂಟವ್ಳೆ."

"ನಂಗೂವೆ!" ಎಂದಳು ನರಸಮ್ಮ.

"ನಂಗೆ ಬಿಪಿ ಏರ್ತಾದೆ," ಎಂದಳು ಚಿಕ್ಕಮಾರಮ್ಮ.

ಸಿಸ್ಟರ್ ಪಾಸು ಪಕ್ಕಕ್ಕಿಟ್ಟು ಕೆಂಪು ಶಾಯಿಯಲ್ಲಿ ಬರೆದರು: ಹೊಸ ಕಷ್ಟ, ಆತಂಕ. ಕಾರಣ, ಕತೆ ಅರ್ಧಕ್ಕೆ ನಿಂತಿರುವುದು. "ರೋಗೀನ ಹೀಗೆ ಬಿಟ್ಟು ಹೋಗ್ತಾರಾ? ಕತೆ ಮುಗ್ಸು, ಪಾಸ್ ತಗೋ." ಸ್ಟೂಲು ಎಳೆದು ತಾವೂ ಕೂತರು. "ಹ್ಞೂಂ, ಯಾರು ಆ ಕಪ್ಪೆ?"

ಹೊಂಬಾಳಮ್ಮ ನೆನಪು ಕೆದಕಿದಳು. ಕಪ್ಪೆ ಮೇಲೇಳುವ ಹೊತ್ತಿಗೆ ಅಜ್ಜಿಯ ಕೈ ತಲೆಗೂದಲಲ್ಲಿ ಆಡುತ್ತಿತ್ತು. ಅಷ್ಟರಲ್ಲೇ ದಿನವೂ ನಿದ್ದೆ. ಕೊನೆಯನ್ನು ಅವಳು ಒಂದು ದಿನವೂ ಕೇಳಿರಲಿಲ್ಲ!

"ಅದು... ಒಬ್ಬ ರಾಜಕುಮಾರ..."

"ಸುಳ್ ಹೇಳ್ಬ್ಯಾಡ ಬುಡು," ಎಂದಿತು ವಾರ್ಡು.

"ಕೊನೆ ನಂಗೊತ್ತಿಲ್ಲ ಸಿಸ್ಟರ್. ಅಜ್ಜಿಗೆ ಗೊತ್ತು."

"ಅಜ್ಜಿ ಎಲ್ಲಿದಾರೆ?"

"ಗುಬ್ಬೀಲಿ. ಪಾಸ್ ಕೊಟ್ರೆ ಕೇಳ್ಕೊಂಡ್ ಬರ್ತೀನಿ."

"ಕತೆ ಮುಗಿದ್ಮೇಲೆ ಪಾಸು," ಎಂದು ಸಿಸ್ಟರ್ ಎದ್ದು ಹೋದರು.

ನರಸಮ್ಮನ ಸೊಸೆ ಕ್ಯಾರಿಯರ್ ಎತ್ತಿಕೊಂಡಳು. "ಬರ್ತೀನಿ ಅತ್ತೆ. ಗುಬ್ಬೀಲಿ ಇವತ್ತು ನಾಟಕ ಅದೆ." ಆಚೆ ಬಸ್ಸಿನ ಹಾರನ್ನು ಕೇಳಿಸಿತು. ಹೊಂಬಾಳಮ್ಮನ ಹೊಟ್ಟೆ ಧಗಧಗ ಉರಿಯಿತು. ಹಾಲು, ಜೀರಿಗೆ, ಮಜ್ಜಿಗೆ ಯಾವುದಕ್ಕೂ ಬಗ್ಗದ ಉರಿ.

"ಬಾ ಮಗಾ, ಟೋಪಿ ತೆಗಿ," ಎಂದಳು ನಿಂಗಮ್ಮ, ಬಾಚಣಿಗೆ ಹಿಡಿದು. ಹೊಂಬಾಳಮ್ಮ ಮಂಚದ ಅಂಚಿಗೆ ತಲೆಯಾನಿಸಿ ನೆಲದ ಮೇಲೆ ಕೂತಳು. ನಿಂಗಮ್ಮ ಅವಳ ಕಿವಿಯ ಹತ್ತಿರ ಪಿಸುಗುಟ್ಟಿದಳು: "ಆ ಕಪ್ಪೆ ಯಾರೂಂತ ನಂಗೆ ಲಂಗ ಹಾಕೋ ಕಾಲದಿಂದ್ಲೂ ಗೊತ್ತು ಕಣೆ. ನೀ ಹೊಂಟೋದ್ರೆ ನಾಳೆ ನನ್ ತಲೆ ಬಾಚೋರ್ಯಾರು? ಕೋಪ ಮಾಡ್ಕೋಬ್ಯಾಡ, ಈಗ ಹೇಳ್ತೀನಿ ಕೇಳು. ಆ ಕಪ್ಪೆ ಇತ್ತಲ್ಲ, ಅದು..."

ಕೊಬ್ಬರಿ ಎಣ್ಣೆಯ ವಾಸನೆ. ಕೂದಲಲ್ಲಿ ನಿಧಾನಕ್ಕೆ ಆಡುವ ಒರಟು ಬೆರಳು.

"ಹ್ಞೂಂ," ಎಂದಳು ಹೊಂಬಾಳಮ್ಮ. ಆಮೇಲೆ ಹ್ಞೂಂ ಬರಲಿಲ್ಲ. ನಿದ್ದೆ ಹೋಗಿದ್ದಳು.