ನಾನೂ ನನ್ನ ಐದನೆಯ ಗೇರೂ

“ಸೂರ್ಯ ಪಶ್ಚಿಮದಲ್ಲಿ ಹುಟ್ಟಲಿ, ಅಟ್ಟದ ಮೇಲಿನ ಪಾತ್ರೆಗಳೆಲ್ಲ ತಾವೇ ಇಳಿದು ಬಂದು ತೊಳೆದುಕೊಳ್ಳಲಿ, ಈ ಮೋಟಾರ್ ಸೈಕಲ್ಲನ್ನು ಮಾತ್ರ ನಾನು ಬಿಟ್ಟುಕೊಡೋದಿಲ್ಲ!”

ಅಡುಗೆಮನೆಯ ನಡುವೆ ನಿಂತು, ಸೌಟನ್ನು ಮೇಲೆತ್ತಿ ನಾನು ಹೀಗೆ ಘೋಷಿಸಿದಾಗ ನಮ್ಮವರು ಶೋರೂಮಿನಿಂದ ತಂದ ಬಣ್ಣಬಣ್ಣದ ಕಾಗದ ನೋಡುತ್ತಿದ್ದರು. ತಲೆ ಎತ್ತಲಿಲ್ಲ.

“ಅದರ ಮೂರನೇ ಗೇರು ನಿಲ್ಲೋದೇ ಇಲ್ಲವಲ್ಲ. ಏರು ಬಂತು ಅಂದ್ರೆ ಜಾರಿ ಹೊರಗೆ ಬರುತ್ತೆ. ಕೊಟ್ಟು ಹೊಸ ಮಾಡೆಲ್ ತಗೊಳ್ಳೋಣ ಅಂದ್ರೆ ನಿನಗೇನು ಕಷ್ಟ?”

“ಹಳೇದಾಯ್ತು ಅಂತ ಬದಲಾಯಿಸೋದಾ? ಆ ನಿಯಮ ಮನೇಲೆಲ್ಲ ಜಾರಿಗೆ ಬಂದ್ರೆ ಮೊದಲು ಹೊರಗೆ ಹೋಗೋದು ಯಾರು, ಯೋಚನೆ ಮಾಡಿದೀರಾ?”

ಕಾಗದ ಮಡಚಿದರು. “ಮತ್ತೆ ಏನ್ಮಾಡ್ತೀಯ?”

“ಗೇರ್‌ಬಾಕ್ಸನ್ನೇ ಬದಲಾಯಿಸ್ತೀನಿ ರೀ. ಈಗಿರೋದು ನಾಲ್ಕು ಗೇರಿಂದು. ಐದು ಗೇರಿಂದು ಹಾಕಿಸ್ತೀನಿ!”

“ಮೂಗಿಗಿಂತ ಮೂಗುತಿ ಭಾರ,” ಎಂದರು ನಮ್ಮವರು.

ಹಳೆಯ ವಸ್ತುಗಳ ಮೇಲಿನ ಗೌರವ, ಮನೆತನದ ನೆನಪು, ಲೋಹದ ಗಟ್ಟಿತನ ಎಂದೆಲ್ಲ ನಾನು ಆಮೇಲೆ ಭಾಷಣ ಮಾಡಿದ್ದುಂಟು. ಓದುಗರ ಹತ್ತಿರ ಮುಚ್ಚುಮರೆ ಏಕೆ? ನಿಜವಾದ ಕಾರಣ ನನ್ನ ಕಾಲು. ಹಿಂದಿನ ವಾರ ಶೋರೂಮಿನಲ್ಲಿ ಯಾರೂ ನೋಡದಾಗ ಆ ಹೊಸ ಮಾಡೆಲ್ ಹತ್ತಿ ಕೂತಿದ್ದೆ. ನನ್ನ ಎರಡು ಹೆಬ್ಬೆರಳುಗಳು ನೆಲವನ್ನು ಹುಡುಕುತ್ತಾ ಗಾಳಿಯಲ್ಲೇ ಉಳಿದವು. ನಮ್ಮವರಿಗೇನು, ಆರಡಿ ಆಸಾಮಿ. ನಾನು ಅವರ ಅಂಗಿಯ ಜೇಬಿನವರೆಗೆ ಬರುವವಳು. ಹಳೆಯ ಗಾಡಿಯ ಮೇಲೆ ಕೂತರೆ ನನ್ನ ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತವೆ. ಬೆಳಿಗ್ಗೆ ಪಾಠ ಮಾಡಲು ಕಾಲೇಜಿಗೆ ಹೋಗುವಾಗ, ಇಬ್ಬನಿ ಇನ್ನೂ ಆರದ ಆ ಬೀದಿಗಳಲ್ಲಿ, ಕಿವಿಯ ಪಕ್ಕ ಗಾಳಿ ಹಾಯುವಾಗ ನಾನು ಯಾರ ಬೆನ್ನ ಹಿಂದೆಯೂ ಕೂತಿರುವುದಿಲ್ಲ. ಹೊಸದು ಬಂತೋ, ಮತ್ತೆ ಹಿಂದಿನ ಸೀಟು, ಮತ್ತೆ ಅದೇ ಅಂಗಿಯ ಬೆನ್ನಿನ ಹೊಲಿಗೆ ನೋಡುವ ಭಾಗ್ಯ! ಇಷ್ಟನ್ನು ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ‘ನನ್ನ ಕಾಲು ಗಿಡ್ಡ’ ಎಂದು ಗಂಡನ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಎಂಜಿನ್ ಬಿಚ್ಚಿಸುವುದು ಸುಲಭವೆನಿಸಿತು.

ತೀರ್ಪು ಕೊಟ್ಟವರು ನಮ್ಮ ಅತ್ತೆ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಮನೆಯಲ್ಲಿ ಈಗಲೂ ಸಾಲಿನಲ್ಲಿ ನಿಲ್ಲದವರಿಗೆ ಕಾಫಿ ಸಿಗುವುದಿಲ್ಲ.

“ಜಗಳ ಸಾಕು. ಭಾನುವಾರ ಶೋರೂಮಿನವರು ಗಾಡಿ ನೋಡೋಕೆ ಬರ್ತಾರಲ್ಲ, ಅವರ ಮುಂದೇನೇ ಪರೀಕ್ಷೆ. ನಾನು ಹಿಂದೆ ಕೂತ್ಕೋತೀನಿ. ನಮ್ಮ ಗೇಟಿನಿಂದ ನೀರಿನ ಟ್ಯಾಂಕಿನ ತನಕ ಏರು ಹತ್ತಿಸಿದ್ರೆ ಗಾಡಿ ಸೊಸೇದು. ಹತ್ತಲಿಲ್ವಾ, ಎಕ್ಸ್‌ಚೇಂಜು. ಮಧ್ಯದಲ್ಲಿ ಇಳಿಯೋ ಹಾಗಿಲ್ಲ!”

ಗಾಡಿಯನ್ನು ಮೆಕ್ಯಾನಿಕ್ಕಿಗೆ ಒಪ್ಪಿಸಿದೆ. ಊರವರು ಅವರನ್ನು ನಾಳೆಯಪ್ಪ ಎನ್ನುತ್ತಾರೆ. ಯಾವಾಗ ಕೇಳಿದರೂ ‘ನಾಳೆ’ ಎನ್ನುವ ಆ ಸ್ಥಿರಚಿತ್ತ ಋಷಿಗಳಿಗೂ ದುರ್ಲಭ. ಬೇರೆ ಯಾವುದೋ ಮಾಡೆಲ್ಲಿನ ಗೇರ್‌ಬಾಕ್ಸ್ ಹುಡುಕಿ ತಂದರು, ಅದು ಕೂರಲಿಲ್ಲ, ಉಜ್ಜಿದರು, ಕೂರಿಸಿದರು, ಮತ್ತೆ ಬಿಚ್ಚಿದರು. ನಾನು ಪ್ರತಿದಿನ ಕಾಲೇಜಿಗೆ ನಡೆದೇ ಹೋದೆ. ನಮ್ಮವರು “ಐದು ಗೇರು ಹೇಗೆ ಓಡ್ತಿದೆ?” ಎಂದು ನನ್ನ ಚಪ್ಪಲಿಯನ್ನು ನೋಡಿ ಕೇಳುತ್ತಿದ್ದರು.

ಭಾನುವಾರ ಬಂತು. ಶೋರೂಮಿನವರೂ ಬಂದರು. ನಮ್ಮವರ ಬಾಯಲ್ಲಿ ನೀರೂರಲೆಂದು ಆ ಹೊಸ ಮಾಡೆಲ್ಲನ್ನೇ ಓಡಿಸಿಕೊಂಡು ಬಂದು ನಮ್ಮ ಗೇಟಿನ ಪಕ್ಕ, ಹೂಕುಂಡಗಳ ಮುಂದೆ ನಿಲ್ಲಿಸಿದ್ದರು. ಮದುವೆಗೆ ಸಿದ್ಧವಾದ ವರನಂತೆ ಮಿರಮಿರ ಮಿಂಚುತ್ತಿತ್ತು. ಅಷ್ಟರಲ್ಲಿ ನಾಳೆಯಪ್ಪ ನನ್ನ ಗಾಡಿ ತಂದರು. ಎಂಜಿನ್ನಿನ ಸದ್ದು ಕೇಳಿದರೆ ಕೆಚ್ಚು ಬರಬೇಕು, ಹಾಗಿತ್ತು.

“ಮೇಡಂ, ಹತ್ತೋಕೆ ಮುಂಚೆ ಒಂದ್ ವಿಷಯ. ಈ ಗೇರು...”

“ಗೇರಿನ ವಿಷಯ ನನಗೆ ಹೇಳ್ಬೇಡಿ! ಕಣ್ಣು ಮುಚ್ಚಿಕೊಂಡು ಹಾಕ್ತೀನಿ!” ಎಂದೆ, ಎಲ್ಲರಿಗೂ ಕೇಳುವಂತೆ.

“ಬಲ್ಲವರಿಗೆ ನಾನೇನು ಹೇಳಲಿ,” ಎಂದು ಅವರು ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದರು.

ಅವರು ಹೇಳಲು ಬಂದದ್ದು ಇಷ್ಟೇ. ಹಳೆಯ ಗೇರ್‌ಬಾಕ್ಸಿನಲ್ಲಿ ಒಂದನೆಯ ಗೇರಿಗೆ ಪಾದದಿಂದ ಮೇಲಕ್ಕೆ ಎತ್ತಬೇಕು, ಉಳಿದವಕ್ಕೆಲ್ಲ ಕೆಳಕ್ಕೆ ಒತ್ತಬೇಕು. ಹೊಸದರಲ್ಲಿ ಎಲ್ಲ ತಲೆಕೆಳಗು!

ಅತ್ತೆ ಹಿಂದೆ ಕೂತು ಸೀರೆ ಸರಿಮಾಡಿಕೊಂಡು “ರೈಟ್!” ಎಂದರು. ನಾನು ರೂಢಿಯಂತೆ ಪಾದ ಎತ್ತಿದೆ. ಗಾಡಿ ಎರಡನೆಯ ಗೇರಿನಲ್ಲಿ ಕೆಮ್ಮುತ್ತ, ಕುಲುಕುತ್ತ ಹೊರಟಿತು. ಎರಡನೆಯದಕ್ಕೆಂದು ಒತ್ತಿದೆ. ಅದು ಒಂದನೆಯದಕ್ಕೆ ಬಿದ್ದು, ಗಾಡಿ ಗಕ್ಕನೆ ತಡೆದು, ಅತ್ತೆಯ ಗದ್ದ ನನ್ನ ನೆತ್ತಿಗೆ ಬಡಿಯಿತು.

“ನಿಧಾನ ಕಣಮ್ಮ! ಹಲ್ಲು ಕಟ್ಟಿಸಿ ಆರು ತಿಂಗಳೂ ಆಗಿಲ್ಲ!”

ಮೂರಕ್ಕೆಂದು ಒತ್ತಿದೆ. ನಾಲ್ಕಕ್ಕೆಂದು ಒತ್ತಿದೆ. ಐದಕ್ಕೆಂದು ತುಳಿದೇಬಿಟ್ಟೆ. ಒಂದರಲ್ಲೇ ಉಳಿದ ಎಂಜಿನ್ನು ಆಕಾಶ ಹರಿಯುವಂತೆ ಅರಚಿತು. ವೇಗ ಮಾತ್ರ ಆಮೆಯದು. ಕಿಟಕಿಗಳಲ್ಲಿ ಮುಖಗಳು ಮೂಡಿದವು. ಆದರೂ ಏರಿದೆವು! ಟ್ಯಾಂಕು ಕೈಗೆಟಕುವಷ್ಟು ಹತ್ತಿರ! ಸುಮ್ಮನಿದ್ದರೆ ಗೆದ್ದಿದ್ದೆ. ಬುದ್ಧಿವಂತೆಯಲ್ಲವೇ, ಕೊನೆಯ ಕಡಿದಾದ ಏರಿಗೆ ಗೇರು ಇಳಿಸೋಣವೆಂದು ಪಾದ ಎತ್ತಿದೆ, ಮತ್ತೆ ಎತ್ತಿದೆ. ಗಾಡಿ ನೇರ ಮೂರಕ್ಕೆ ಹತ್ತಿ, ಒಂದು ನಿಟ್ಟುಸಿರು ಬಿಟ್ಟು ಸತ್ತಿತು. ಗಾಬರಿಯಲ್ಲಿ ಕ್ಲಚ್ ಹಿಡಿದುಬಿಟ್ಟೆ. ಹಿಂದಕ್ಕೆ ಉರುಳತೊಡಗಿದೆವು!

ಮುಂದಿನ ಬ್ರೇಕು ಒತ್ತಿದೆ. ಅದು ಮುಂದೆ ಹೋಗುವ ಗಾಡಿಗಷ್ಟೇ ನಿಷ್ಠ. ಅತ್ತೆಯೋ, ಕುತ್ತಿಗೆ ತಿರುಗಿಸಿ ವೃತ್ತಿಧರ್ಮ ಪಾಲಿಸಿದರು.

“ಬರ್ಲಿ, ಬರ್ಲಿ... ಸ್ವಲ್ಪ ಎಡಕ್ಕೆ... ಬರ್ಲಿ... ಹೋಲ್ಡಾನ್! ಹೋಲ್ಡಾನ್! ಅಯ್ಯೋ, ಹೋಲ್ಡಾನ್ ಅಂದ್ರೆ!”

ಧಡ್! ಹೊಸ ಮಾಡೆಲ್ಲು ನಮ್ಮ ಹೂಕುಂಡಗಳ ನಡುವೆ ಶಯನೋತ್ಸವ ಮಾಡಿತು. ಒಂದು ಕನ್ನಡಿ ಮುರಿಯಿತು. ನಾವಿಬ್ಬರು ಮಾತ್ರ ಸೀಟಿನ ಮೇಲೇ ಇದ್ದೆವು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

“ಎಕ್ಸ್‌ಚೇಂಜ್,” ಎಂದರು ನಮ್ಮವರು, ಮೆಲ್ಲಗೆ. ನಾನು ಸೀಟಿನ ಮೇಲೆ ಕೂತೇ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿಕೊಂಡೆ, ಕೊನೆಯ ಸಲವೆಂಬಂತೆ.

ಶೋರೂಮಿನವರು ತಮ್ಮ ಗಾಡಿಯನ್ನು ಎತ್ತಿ ನಿಲ್ಲಿಸಿ, ನನ್ನದರ ಎಂಜಿನ್ನಿನ ಬಳಿ ಬಗ್ಗಿದರು. “ಇದರ ಗೇರ್‌ಬಾಕ್ಸ್ ಇದರದ್ದಲ್ಲ ಅಲ್ವಾ?”

“ಬೇರೆ ಮಾಡೆಲ್ದು ಸಾರ್,” ಎಂದರು ನಾಳೆಯಪ್ಪ ಹೆಮ್ಮೆಯಿಂದ. “ನಾನೇ ಉಜ್ಜಿ ಕೂರಿಸಿದ್ದು!”

“ಹಾಗಾದ್ರೆ ನಮಗೆ ಬೇಡ. ಪುಕ್ಕಟೆ ಕೊಟ್ರೂ ಬೇಡ. ಹೀಗೆ ಬದಲಾಯಿಸಿದ ಗಾಡಿ ನಾವು ಮುಟ್ಟೋದೇ ಇಲ್ಲ. ಕನ್ನಡಿ ಒಂದು ಹಾಕಿಸಿಕೊಡಿ, ಸಾಕು.”

ಹೀಗೆ ನಾನು ಗೆದ್ದೆ! ಲೋಕದಲ್ಲಿ ಯಾರಿಗೂ ಬೇಡವಾದ್ದರಿಂದ ಗಾಡಿ ನನ್ನದಾಯಿತು. ಆ ಸಂತೋಷದಲ್ಲೋ ದುಃಖದಲ್ಲೋ ಅಳು ಬಂದು, ಹೆಬ್ಬೆರಳುಗಳ ಕಥೆಯನ್ನೆಲ್ಲ ಹೇಳಿಬಿಟ್ಟೆ. ನಮ್ಮವರು ನನ್ನ ಪಾದ ನೋಡಿದರು, ನೆಲ ನೋಡಿದರು.

“ಇಷ್ಟೇನಾ? ಮೊದಲೇ ಹೇಳಿದ್ರೆ ಆ ಮೂರನೇ ಗೇರೊಂದನ್ನೇ ರಿಪೇರಿ ಮಾಡಿಸ್ತಿದ್ನಲ್ಲೇ!”

ನಾನು ಕಣ್ಣೊರೆಸಿಕೊಂಡು ಹೂಕುಂಡಗಳನ್ನು ನೆಟ್ಟಗೆ ನಿಲ್ಲಿಸತೊಡಗಿದೆ.

ಪಾದಕ್ಕೆ ಹೊಸ ಪಾಠ ಕಲಿಸಿ, ಈಗ ದಿನಾ ಅದರಲ್ಲೇ ಕಾಲೇಜಿಗೆ ಹೋಗುತ್ತೇನೆ. ಮೊನ್ನೆ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೇಳಿದರು, “ಐದನೇ ಗೇರಲ್ಲಿ ಹೋದ್ರೆ ಹಾರಿದ ಹಾಗಿರುತ್ತಂತೆ, ಹೌದೇನ್ರೀ?”

ನಾನು ಗಾಡಿಯ ಧೂಳು ಒರೆಸತೊಡಗಿದೆ.

ಒಳಗಿನಿಂದ ಅತ್ತೆ ಹೇಳಿದರು: “ಅದನ್ನ ಯಾರು ಹಾಕಿ ನೋಡಿದಾರಮ್ಮ? ನಾಲ್ಕಕ್ಕೆ ಬರೋ ಹೊತ್ತಿಗೇ ನಮ್ಮೂರು ಮುಗಿದುಹೋಗುತ್ತೆ!”