ತಾನೇ ಹೊರಟ ಮಂಚ

"ಇನ್ನು ಮೇಲೆ ನನಗೆ ವಿಳಾಸ ಅಂತ ಒಂದು ಇರಲ್ಲ! ನಾನು ಎಲ್ಲಿ ನಿಲ್ಲಿಸ್ತೀನೋ ಅದೇ ನನ್ನ ಮನೆ!"

ಹೀಗೆಂದು ಲಿಫ್ಟ್ ಮಾಮ ಘೋಷಿಸಿದ್ದು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು, ಕೈಯಲ್ಲೊಂದು ಸ್ಪ್ಯಾನರ್ ಹಿಡಿದು. ಚಕ್ರವರ್ತಿಗಳು ಖಡ್ಗ ಹಿಡಿದು ನಿಲ್ಲುತ್ತಿದ್ದರಲ್ಲ, ಅದೇ ಠೀವಿ. ಮೂವತ್ತೊಂದು ವರ್ಷ ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದ ಅವರಿಗೆ ಬೀದಿಯವರು ಇಟ್ಟ ಹೆಸರೇ ಲಿಫ್ಟ್ ಮಾಮ. ಅಷ್ಟು ವರ್ಷವೂ ಮನುಷ್ಯ ಮೇಲಕ್ಕೆ ಹೋದದ್ದುಂಟು, ಕೆಳಕ್ಕೆ ಬಂದದ್ದುಂಟು, ಮುಂದಕ್ಕೆ ಮಾತ್ರ ಒಂದು ಗಜವೂ ಹೋಗಿರಲಿಲ್ಲ. ಆ ಕೊರತೆ ನೀಗಿಸಲೆಂದೇ ಒಂದು ಹಳೆಯ ಆಂಬುಲೆನ್ಸ್ ತಂದು ಮನೆ ಮುಂದೆ ನಿಲ್ಲಿಸಿದ್ದರು.

ಅವರ ಹೆಂಡತಿ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ವಾರ್ಡ್ ಸಿಸ್ಟರ್ ಆಗಿದ್ದವರು. ಬೀದಿಗೆಲ್ಲ ಸಿಸ್ಟರಮ್ಮ. ಅವರು ಕಿಟಕಿಯಿಂದ ಇಣುಕಿ ನೋಡಿದರು.

"ಅದು ಆಂಬುಲೆನ್ಸ್ ಅಲ್ವೇನ್ರೀ?"

"ಆಗಿತ್ತು. ಈಗ ಅದು ಸಂಚಾರಿ ಅರಮನೆ!"

"ಅದರಲ್ಲಿ ಮಲಗಿದ್ದೋರೆಲ್ಲ ಎದ್ದು ಹೋಗಿದಾರಾ, ವಿಚಾರಿಸಿದ್ರಾ?"

"ನೋಡೇ, ನೀನು ಹೆದರ್ತೀಯ ಅಂತ ನನಗೆ ಮೊದಲೇ ಗೊತ್ತಿತ್ತು."

"ನಾನ್ಯಾಕೆ ಹೆದರಲಿ? ನನಗೆ ಅದು ಆಫೀಸು ಇದ್ದ ಹಾಗೆ. ನಿಮಗೆ ಹೇಗೋ ಅಂತ ಯೋಚನೆ." ಸಿಸ್ಟರಮ್ಮ ಕೈ ಒರೆಸಿಕೊಂಡು ತೀರ್ಮಾನ ಹೇಳಿದರು. "ಮೂರು ದಿನ ಬರ್ತೀನಿ. ಮೂರನೇ ದಿನ ಸಂಜೆ ಚಹಾ ಕುಡಿಯೋ ಹೊತ್ತಿಗೆ ಹೇಳ್ತೀನಿ. ಒಗ್ಗಿದ್ರೆ ಸರಿ. ಒಗ್ಗದಿದ್ರೆ ನಾನು ಅಕ್ಕನ ಮನೆಗೆ ಹೋಗ್ತೀನಿ. ನೀವು ಒಬ್ಬರೇ ನಿಮ್ಮ ಅರಮನೆಯಲ್ಲಿ ಓಡಾಡ್ಕೊಂಡಿರಿ."

ಲಿಫ್ಟ್ ಮಾಮ ಗಹಗಹಿಸಿ ನಕ್ಕರು. ಲಿಫ್ಟಿನ ಕತ್ತಲೆ ಬಾವಿಗಳಲ್ಲಿ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಒಂಟಿಯಾಗಿ ನೇತಾಡಿದ ಮನುಷ್ಯ. ಇನ್ನುಳಿದ ಆಯಸ್ಸನ್ನೂ ಒಂಟಿಯಾಗಿ ಕಳೆಯುವುದು ಅವರಿಗೆ ಸುತರಾಂ ಬೇಡವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಗಂಡಸ್ತನ ಬಿಡಬೇಕಲ್ಲ! ಹಾಗಾಗಿ ಸ್ಪ್ಯಾನರ್ ತಿರುಗಿಸಿದರು.

ಎರಡು ತಿಂಗಳು ಹಗಲೆಲ್ಲ ಠಕಠಕ. ಸಲೈನ್ ಬಾಟಲಿ ನೇತುಹಾಕುವ ಕೊಕ್ಕೆಗೆ ಟವೆಲ್ ಬಂತು. ಆಮ್ಲಜನಕದ ಸಿಲಿಂಡರ್ ನಿಲ್ಲುತ್ತಿದ್ದ ಕಡೆ ನೀರಿನ ಕ್ಯಾನ್ ನಿಂತಿತು. ಔಷಧಿಯ ಕಪಾಟಿನಲ್ಲಿ ಚಹಾಪುಡಿ, ಸಕ್ಕರೆ, ಉಪ್ಪು. ಬದಲಾಗದೆ ಉಳಿದದ್ದು ಎರಡೇ: ರೋಗಿಯ ಪಕ್ಕ ಕೂರುವವರ ಮಡಚು ಸೀಟು ಮತ್ತು ಸ್ಟ್ರೆಚರು. ಹಳಿಯ ಮೇಲೆ ನಯವಾಗಿ ಜಾರುವ, ಹೊರಗೆಳೆದರೆ ಕಾಲು ತಾನೇ ಬಿಚ್ಚಿಕೊಂಡು ಚಕ್ರದ ಮೇಲೆ ನಿಲ್ಲುವ ಆ ಸ್ಟ್ರೆಚರನ್ನು ಬಿಸಾಡಲು ಲಿಫ್ಟ್ ಮಾಮನ ಕೈ ಬರಲಿಲ್ಲ. ಅದರ ಮೇಲೊಂದು ಹಾಸಿಗೆ ಹಾಕಿ ಮಂಚ ಎಂದು ನಾಮಕರಣ ಮಾಡಿದರು. ಅದನ್ನು ಹಿಡಿದಿಡುತ್ತಿದ್ದ ಕೊಂಡಿ ಮಾತ್ರ ತುಕ್ಕು ಹಿಡಿದಿತ್ತು. ಅದನ್ನು ಕಿತ್ತೆಸೆದು ತಮ್ಮದೇ ಆವಿಷ್ಕಾರವೊಂದನ್ನು ಕೂರಿಸಿದರು.

"ಲಿಫ್ಟಿನ ಹಗ್ಗ ಹರಿದರೆ ಏನಾಗುತ್ತೆ ಗೊತ್ತೇನೇ? ವೇಗ ಮಿತಿ ಮೀರಿದ ಕ್ಷಣ ಬ್ರೇಕು ತಾನೇ ಹೋಗಿ ಕಚ್ಕೊಳ್ಳುತ್ತೆ. ಮಂಚಕ್ಕೂ ಅದನ್ನೇ ಹಾಕಿದೀನಿ! ಜಗತ್ತಿನಲ್ಲೇ ಪ್ರಥಮ!"

"ವೇಗ ಮಿತಿ ಮೀರದೇ ಇದ್ರೆ?"

"ಮೀರದೇ ಇದ್ರೆ ಅಪಾಯ ಎಲ್ಲಿಂದ ಬಂತು?"

ಸಿಸ್ಟರಮ್ಮ ತಲೆಯಾಡಿಸಿ ಒಳಗೆ ಹೋದರು.

ಬಣ್ಣದ ವಿಷಯದಲ್ಲಿ ಮಾತ್ರ ಗಾಡಿ ಸ್ವಲ್ಪ ಹಟ ಮಾಡಿತು. ಮೂರು ಸಲ ಹಳದಿ ಬಳಿದರೂ, ಒಣಗಿದ ಮೇಲೆ ಓರೆ ಬಿಸಿಲಿನಲ್ಲಿ ಮೂತಿಯ ಮೇಲಿನ 'ಆಂಬುಲೆನ್ಸ್' ಎಂಬ ತಿರುವುಮುರುವು ಅಕ್ಷರಗಳು ನಿಧಾನವಾಗಿ ಎದ್ದು ಬರುತ್ತಿದ್ದವು. ನಾಲ್ಕನೇ ಸಲ ಬಳಿದರು. ಮರುದಿನ ಬೆಳಿಗ್ಗೆ ಅಕ್ಷರಗಳು ಇನ್ನೂ ದಪ್ಪಗಾಗಿದ್ದವು. ಲಿಫ್ಟ್ ಮಾಮ ಆ ಕಡೆ ನೋಡುವುದನ್ನೇ ಬಿಟ್ಟರು.

ಮೊದಲ ದಿನ ಹೆದ್ದಾರಿಗೆ ಇಳಿದದ್ದೇ ತಡ, ಮುಂದಿದ್ದ ಕಾರೊಂದು ಪಕ್ಕಕ್ಕೆ ಸರಿಯಿತು. ಅದರ ಮುಂದಿನ ಬಸ್ಸೂ ಸರಿಯಿತು. ಆಮೇಲೆ ಲಾರಿ. ಯಾರೂ ಹಾರ್ನ್ ಮಾಡಲಿಲ್ಲ, ಯಾರೂ ಬೈಯಲಿಲ್ಲ. ರಸ್ತೆ ರಸ್ತೆಯೇ ಸದ್ದಿಲ್ಲದೆ ಸೀಳಿಕೊಂಡು ದಾರಿ ಕೊಟ್ಟಿತು.

"ರಾಜಮರ್ಯಾದೆ ಕಣೇ!"

"ನಮಗಲ್ಲ ರೀ. ಹಿಂದೆ ಇರೋರಿಗೆ."

"ಹಿಂದೆ ಯಾರಿದಾರೆ?"

"ಅದೇ ನಾನೂ ಹೇಳಿದ್ದು. ಅವರಿಗೆ ಗೊತ್ತಿಲ್ವಲ್ಲ, ಯಾರೂ ಇಲ್ಲ ಅಂತ."

ಲಿಫ್ಟ್ ಮಾಮ ಒಂದು ಸಲ ಕನ್ನಡಿಯಲ್ಲಿ ಹಿಂದೆ ನೋಡಿದರು. ಮಂಚ ಖಾಲಿಯಾಗಿತ್ತು. ಹಾಸಿಗೆಯ ನಡುವೆ ಮಾತ್ರ ಸ್ವಲ್ಪ ತಗ್ಗು ಬಿದ್ದ ಹಾಗಿತ್ತು. ಹೊಸ ಹಾಸಿಗೆ, ಸ್ಪಂಜು ಸರಿಯಿಲ್ಲವೇನೋ ಎಂದುಕೊಂಡರು.

ಮಧ್ಯಾಹ್ನ ಒಂದು ಗೋದಾಮಿನ ನೆರಳಲ್ಲಿ ನಿಲ್ಲಿಸಿ, ಊಟ ಮುಗಿಸಿ, ಮಂಚದ ಮೇಲೆ ಕಾಲು ಚಾಚಿದರು. ಜೀವಮಾನವಿಡೀ ಮಗ್ಗುಲಾಗಿ ಮುದುಡಿ ಮಲಗುತ್ತಿದ್ದ ಮನುಷ್ಯ. ಇಲ್ಲಿ ಮಾತ್ರ ಮೈ ತಾನಾಗಿ ಅಂಗಾತವಾಯಿತು, ಕೈಗಳು ನೆಟ್ಟಗೆ ಪಕ್ಕಕ್ಕೆ ಬಂದವು. ಬಿಸಿಲು ಏರಿದಂತೆ ತಗಡು ಕಾದು ಎಲ್ಲಿಂದಲೋ ಸ್ಪಿರಿಟ್ ವಾಸನೆ ಎದ್ದಿತು. ಮಡಚು ಸೀಟಿನಲ್ಲಿ ಕೂತ ಸಿಸ್ಟರಮ್ಮ ತೂಕಡಿಸುತ್ತಿದ್ದರು. ನಿದ್ದೆಯಲ್ಲೇ ಅವರ ಕೈ ಮೆಲ್ಲಗೆ ಬಂದು ಗಂಡನ ಮಣಿಕಟ್ಟು ಹಿಡಿಯಿತು. ತುಟಿಗಳು ಅಲ್ಲಾಡಿದವು.

"ಅರವತ್ತೆಂಟು... ಅರವತ್ತೊಂಬತ್ತು... ಎಪ್ಪತ್ತು..."

ಅಲ್ಲಿಗೆ ನಿಂತಿತು.

ಲಿಫ್ಟ್ ಮಾಮ ಉಸಿರು ಬಿಗಿಹಿಡಿದರು. ಯಾಕೆ ನಿಲ್ಲಿಸಿದಳು? ಮುಂದಿನದು ಬರಲಿಲ್ಲವೇ? "ಏ! ಮುಂದೆ ಎಣಿಸೇ!" ಎಂದು ಚೀರಿದರು. ಸಿಸ್ಟರಮ್ಮ ಕಣ್ಣು ಬಿಟ್ಟು, "ಏನನ್ನ?" ಎಂದರು.

ಅಷ್ಟರಲ್ಲಿ ಹಿಂಬಾಗಿಲ ಮಬ್ಬು ಗಾಜಿನಾಚೆ ಒಂದು ಮುಖ. ಗೋದಾಮಿನ ಕಾವಲುಗಾರ. ಟೋಪಿ ತೆಗೆದು ಎದೆಗೊತ್ತಿ ಹಿಡಿದಿದ್ದ.

"ತುಂಬಾ ಕಷ್ಟ ಇದೆಯಾ ಸಿಸ್ಟರ್?" ಎಂದು ಪಿಸುಗುಟ್ಟಿದ. ನೋಡಿದ ತಕ್ಷಣ ಇವರು ಸಿಸ್ಟರ್ ಎಂದು ಅವನಿಗೆ ಹೇಗೆ ಗೊತ್ತಾಯಿತೋ!

"ಹಾಗೇನಿಲ್ಲಪ್ಪ. ಚೆನ್ನಾಗೇ ಇದಾರೆ."

"ಗೊತ್ತು ಬಿಡಿ, ನೀವು ಹಾಗೇ ಹೇಳಬೇಕಲ್ಲ," ಎಂದು ಕಣ್ಣೊರೆಸಿಕೊಂಡು ಹೋದ.

ಎರಡನೇ ದಿನ ಎರಡು ಊರಲ್ಲಿ ಒಂಬತ್ತು ಜನ ಬಂದು ಮಂಚದ ಮೇಲಿದ್ದ 'ರೋಗಿ'ಯನ್ನು ನೋಡಿದರು. ಒಬ್ಬಾಕೆ ಅಂಗಾಲು ಮುಟ್ಟಿ ನೋಡಿ, "ಇನ್ನೂ ಬೆಚ್ಚಗಿದೆ," ಎಂದಳು. ಆ "ಇನ್ನೂ" ಎಂಬ ಪದ ಲಿಫ್ಟ್ ಮಾಮನ ಎದೆಯಲ್ಲಿ ಮೊಳೆಯಂತೆ ನಾಟಿತು. ಸಂಜೆಯ ಹೊತ್ತಿಗೆ ಅವರ ದನಿ ಕುಗ್ಗಿತ್ತು. ಊಟಕ್ಕೆ ಗಂಜಿಯೇ ಸಾಕೆಂದರು. ಸಿಸ್ಟರಮ್ಮ ಮಾತ್ರ ಇಪ್ಪತ್ತು ವರ್ಷ ಚಿಕ್ಕವರಾದಂತೆ ಅತ್ತಿಂದಿತ್ತ ಓಡಾಡುತ್ತಿದ್ದರು. ಬೆಡ್‌ಶೀಟಿನ ಅಂಚನ್ನು ನಾಲ್ಕೂ ಕಡೆ ಬಿಗಿಯಾಗಿ ಮಡಚಿ ಸಿಕ್ಕಿಸುತ್ತಿದ್ದರು. ಒಗ್ಗಿತೋ ಇಲ್ಲವೋ ಎಂದು ಮಾತ್ರ ತುಟಿಪಿಟಕ್ಕೆನ್ನಲಿಲ್ಲ.

ಮೂರನೇ ದಿನ. ಸಂಜೆ ಚಹಾದ ಹೊತ್ತಿಗೆ ತೀರ್ಪು. ಲಿಫ್ಟ್ ಮಾಮ ಕೊನೆಯ ಅಸ್ತ್ರ ಪ್ರಯೋಗಿಸಿದರು. ಅಪರಿಚಿತ ಊರೊಂದರ ದಿಬ್ಬದ ಬೀದಿಯ ತುತ್ತತುದಿಗೆ ಗಾಡಿ ಏರಿಸಿ, ಹಿಂಬಾಗಿಲು ಇಳಿಜಾರಿನ ಕಡೆ ಬರುವಂತೆ ನಿಲ್ಲಿಸಿದರು. ಬಾಗಿಲು ತೆರೆದರೆ ಇಡೀ ಊರು ಕಾಲ ಬುಡದಲ್ಲಿ. "ಇದನ್ನ ನೋಡಿ ಯಾರಿಗೆ ಒಗ್ಗಲ್ವೋ ನೋಡೋಣ!" ಎಂದುಕೊಂಡರು. ಸಿಸ್ಟರಮ್ಮ ಚಹಾಕ್ಕೆ ಹಾಲು ತರಲು ಹೋದರು. ಇವರು ಹಿಂಬಾಗಿಲು ತೆರೆದಿಟ್ಟು, ಮಂಚ ಏರಿ, ನೊಣದ ಕಾಟಕ್ಕೆ ಬಿಳಿ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡು, ಎರಡೇ ನಿಮಿಷ ಎಂದು ಕಣ್ಣು ಮುಚ್ಚಿದರು.

ಮಂಚ ಜಾರಿತು. ಹೊರಬಂದು, ಕಾಲು ಬಿಚ್ಚಿಕೊಂಡು, ಚಕ್ರದ ಮೇಲೆ ನಿಂತು, ಬೀದಿಯ ನಟ್ಟನಡುವೆ ಇಳಿಯತೊಡಗಿತು. ಜಗತ್ತಿನಲ್ಲೇ ಪ್ರಥಮವಾದ ಆ ಬ್ರೇಕು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿತ್ತು, ವೇಗ ಮಿತಿ ಮೀರಲೆಂದು. ಆದರೆ ಮಂಚಕ್ಕೆ ಏನು ಅವಸರ? ವಯಸ್ಸಾದವರು ಸಂಜೆ ವಾಕಿಂಗ್ ಹೋಗುವ ವೇಗದಲ್ಲಿ, ತಿರುವಿದ್ದ ಕಡೆ ತಾನೇ ತಿರುಗಿ, ಗಂಭೀರವಾಗಿ ಹೊರಟಿತು. ಬ್ರೇಕು ಕೊನೆಯವರೆಗೂ ಸುಮ್ಮನಿತ್ತು.

ಲಿಫ್ಟ್ ಮಾಮನಿಗೆ ಎಚ್ಚರವಾದಾಗ ಕಣ್ಣ ಮುಂದೆ ಬಿಳುಪು. ಬಿಳುಪು ಬಿಟ್ಟರೆ ಮತ್ತೇನೂ ಇಲ್ಲ. ಮೈ ತೇಲುತ್ತಿದೆ. ಸುತ್ತ ಹೆಜ್ಜೆ ಸಪ್ಪಳ, ಒಂದಲ್ಲ, ಹತ್ತಲ್ಲ. ಆದರೆ ಮಾತಿಲ್ಲ. ಅಂಗಡಿಯ ಶಟರ್ ಒಂದನ್ನು ಯಾರೋ ಮೆಲ್ಲಗೆ ಅರ್ಧಕ್ಕೆ ಎಳೆದ ಸದ್ದು. ಆಮೇಲೆ ಇನ್ನೊಂದು.

"ಯಾರು?" ಎಂದಿತು ಒಂದು ದನಿ.

"ಗೊತ್ತಿಲ್ಲ."

"ತಳ್ತಾ ಇರೋರು ಯಾರು?"

"ಯಾರೂ ತಳ್ತಿಲ್ಲ. ತಾನೇ ಹೋಗ್ತಾ ಇದೆ."

"ಮನೆಯವರು?"

"ಯಾರೂ ಕಾಣ್ತಿಲ್ಲ. ಪಾಪ, ಒಬ್ಬನೇ."

ಒಬ್ಬನೇ! ಆ ಮಾತು ಕೇಳಿದ್ದೇ ಲಿಫ್ಟ್ ಮಾಮನಿಗೆ ಎಲ್ಲ ಅರ್ಥವಾಯಿತು. ಸಂಶಯವೇ ಇಲ್ಲ, ಸತ್ತಿದ್ದೇನೆ. ಅಯ್ಯೋ, ಇಷ್ಟೇನಾ? ಒಂದು ಮುನ್ಸೂಚನೆ ಬೇಡವೇ? ಸಂಜೆ ಅವಳು ಏನು ಹೇಳುತ್ತಿದ್ದಳೋ, ಅದನ್ನಾದರೂ ಕೇಳಿಕೊಂಡು ಹೋಗಬಾರದಿತ್ತೇ? ಬೇಡವೆಂದೇ ಹೇಳಲಿ, ಬೈಯಲಿ, ಅವಳ ದನಿಯನ್ನೊಮ್ಮೆ ಕೇಳಿದ್ದರೆ ಸಾಕಿತ್ತು. ಕಣ್ಣಂಚಿನಿಂದ ನೀರು ಕಿವಿಯೊಳಕ್ಕೆ ಇಳಿಯಿತು. ಸತ್ತವರಿಗೆ ಕಿವಿಯಲ್ಲಿ ತುರಿಕೆಯಾಗುತ್ತದೆಯೇ ಎಂಬ ಸಣ್ಣ ಅನುಮಾನ ಬಂದರೂ, ಆ ಗಳಿಗೆಯಲ್ಲಿ ಅದನ್ನು ಬೆಳೆಸುವ ಧೈರ್ಯ ಬರಲಿಲ್ಲ.

ಇಳಿಜಾರು ಮುಗಿಯಿತು. ಮಂಚ ಕ್ಷೌರದ ಅಂಗಡಿಯೊಂದರ ಮುಂದೆ ತಾನೇ ನಿಂತಿತು. ಜನವೂ ನಿಂತಿತು. ಅಷ್ಟರಲ್ಲಿ ಚಪ್ಪಲಿಯ ಪಟಪಟ, ಏದುಸಿರು. ಹೊದಿಕೆಯೊಳಗೆ ಒಂದು ಕೈ ತೂರಿ ಬಂದು ಮಣಿಕಟ್ಟು ಹಿಡಿಯಿತು.

"ಬದುಕಿದೀರ," ಎಂಬ ಪಿಸುಮಾತು ಕಿವಿಯ ಬಳಿ. "ಏಳಬೇಡಿ!"

"ಯಾಕೆ?"

"ಪಕ್ಕದಲ್ಲೊಬ್ಬರು ಅಜ್ಜಿ ಎದೆ ಹಿಡ್ಕೊಂಡು ನಿಂತಿದಾರೆ. ನೀವು ಎದ್ರೆ ಅವರು ಮಲಗ್ತಾರೆ. ಬಾಯಿ ಮುಚ್ಕೊಂಡು ಬಿದ್ದಿರಿ."

"ನಿಮ್ಮೋರೇನಮ್ಮಾ?" ಎಂದು ಯಾರೋ ಕೇಳಿದರು.

"ಹೂಂ. ನಮ್ಮ ಯಜಮಾನರು."

"ಏನಾಗಿತ್ತು?"

"ತಾವೇ ಮಾಡ್ಕೊಂಡಿದ್ದು," ಎಂದರು ಸಿಸ್ಟರಮ್ಮ. ಅವರು ಸುಳ್ಳು ಹೇಳಿ ಗೊತ್ತಿದ್ದವರೇ ಅಲ್ಲ.

ಗುಂಪು ಲೊಚಗುಟ್ಟಿತು. ನಾಲ್ಕು ಜನ ಗಟ್ಟಿಮುಟ್ಟಾದವರು ಮುಂದೆ ಬಂದು ಮಂಚವನ್ನು ದಿಬ್ಬದ ಮೇಲಕ್ಕೆ ತಳ್ಳತೊಡಗಿದರು. ದಾರಿಯುದ್ದಕ್ಕೂ ಲಿಫ್ಟ್ ಮಾಮ ಸತ್ತೇ ಇದ್ದರು. ಸೀನು ಬಂತು, ನುಂಗಿದರು. ಹೊದಿಕೆಯೊಳಗೆ ನುಸುಳಿದ ನೊಣ ಮೂಗಿನ ಮೇಲೆ ಕೂತಿತು, ಕೂರಲು ಬಿಟ್ಟರು. ಆದರೂ ಭಯವಿರಲಿಲ್ಲ. ಹೊದಿಕೆಯೊಳಗೆ ಆ ಕೈ ಅವರ ಕೈಯನ್ನು ಒಂದು ಕ್ಷಣವೂ ಬಿಡದೆ ಹಿಡಿದಿತ್ತು. ನಡುನಡುವೆ ಮೆಲ್ಲಗೆ ಅದುಮುತ್ತಿತ್ತು. ಮದುವೆಯಾದ ಹೊಸತರಲ್ಲೂ ಅವಳು ಇಷ್ಟು ಹೊತ್ತು ಕೈ ಹಿಡಿದದ್ದಿಲ್ಲ ಎಂದುಕೊಂಡರು.

ಮಂಚ ಒಳಸೇರಿತು. ಬಾಗಿಲು ಮುಚ್ಚಿತು. ಹೆಜ್ಜೆಗಳು ದೂರವಾದವು. ಲಿಫ್ಟ್ ಮಾಮ ಹೊದಿಕೆ ಕಿತ್ತೆಸೆದು ಕೂತರು.

"ಈಗಲೇ ಹೇಳಿಬಿಡೇ! ಒಗ್ಗಿತೋ ಇಲ್ವೋ?"

ಸಿಸ್ಟರಮ್ಮ ಒಲೆ ಹಚ್ಚಿ ಹಾಲಿಟ್ಟರು. "ಒಗ್ಗಿದೆ. ಬರ್ತೀನಿ. ನೀವು ಅರ್ಧ ಗಂಟೆ ಮಾತಾಡದೆ ಇದ್ದಿದ್ದು ಈ ಗಾಡೀಲೇ ಮೊದಲು. ಇಂಥ ಗಾಡಿ ಯಾರು ಬಿಡ್ತಾರೆ?"

ಲಿಫ್ಟ್ ಮಾಮನಿಗೆ ಹೋದ ಜೀವ ಬಂದಂತಾಯಿತು. "ನನಗೆ ಆಗಲೇ ಗೊತ್ತಾಯ್ತು ಬಿಡು. ದಾರಿಯುದ್ದಕ್ಕೂ ನನ್ನ ಕೈ ಹಿಡ್ಕೊಂಡು ಬಂದೆಯಲ್ಲ, ಅಲ್ಲೇ ತಿಳೀತು."

ಸಿಸ್ಟರಮ್ಮ ಸಕ್ಕರೆ ಹಾಕುತ್ತಿದ್ದ ಚಮಚ ನಿಲ್ಲಿಸಿದರು.

"ನಾನಾ? ನಾಡಿ ನೋಡಿ ಬಿಟ್ಟೆ, ಆಮೇಲೆ ಮುಂದೆ ಹೋಗಿ ಜನ ಸರಿಸ್ತಾ ಇದ್ನಲ್ಲ."

"ಹಾಗಾದ್ರೆ... ಆ ತಳ್ಳೋರಲ್ಲಿ ಯಾರೋ..."

"ನಾಲ್ಕೂ ಜನ ಎರಡೆರಡು ಕೈಯಲ್ಲಿ ತಳ್ತಿದ್ರು ರೀ. ನಾನೇ ನೋಡಿದೆ."

ಲಿಫ್ಟ್ ಮಾಮ ತಮ್ಮ ಕೈಯನ್ನು ನೋಡಿಕೊಂಡರು. ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು ಇನ್ನೂ ಮಾಸಿರಲಿಲ್ಲ. ಬಿಸಿಲು ಇಳಿದಿದ್ದರೂ ಸ್ಪಿರಿಟ್ ವಾಸನೆ ಗಮ್ಮೆಂದು ಬಂತು. ಅವರು ಎರಡೇ ನೆಗೆತಕ್ಕೆ ಬೀದಿಯಲ್ಲಿದ್ದರು.

"ಮನೆಗೆ ಹೋಗೋಣ ಕಣೇ! ಈಗಲೇ! ಬಸ್ಸಲ್ಲಿ!"

"ನಾನು ಬರ್ತೀನಿ ಅಂತ ಮಾತು ಕೊಟ್ಟಾಯ್ತು. ಪೇಷಂಟ್ ಬಿಟ್ಟು ನಾನು ಯಾವತ್ತೂ ಎದ್ದು ಹೋದೋಳಲ್ಲ."

"ಪೇಷಂಟ್ ನಾನಲ್ಲ ಕಣೇ!"

"ನೀವು ಅಂತ ಯಾರು ಹೇಳಿದ್ರು?" ಸಿಸ್ಟರಮ್ಮ ಚಹಾವನ್ನು ಲೋಟಗಳಿಗೆ ಬಗ್ಗಿಸಿದರು. ಒಂದು, ಎರಡು, ಆಮೇಲೆ ಮೂರು. "ಹತ್ತಿ ಬನ್ನಿ, ಆರಿಹೋಗುತ್ತೆ. ಬಾಯಿಬಿಟ್ಟು ಹೇಳದಿದ್ರೂ ಒಬ್ಬರೇ ಇರಬೇಕಾಗುತ್ತೆ ಅಂತ ಎಷ್ಟು ಹೆದರ್ತಿದ್ರಿ ಅಂತ ನನಗೆ ಗೊತ್ತಿಲ್ವಾ? ಇನ್ನು ಆ ಭಯ ಇಲ್ಲ ಬಿಡಿ. ನಾನು ಅಕ್ಕನ ಮನೆಗೆ ಹೋದ್ರೂ ನೀವು ಒಬ್ಬರೇ ಆಗಲ್ಲ."